ಐವತ್ತರ ಸ್ಟಿಕರ್

ಹೊಳೆದಂಡೆಯ ಮಠದಲ್ಲಿ ನಿರುಪಾದಿ ಅಜ್ಜ ಅಂತ ಒಬ್ಬ ಗುರು. ಎಂಥ ಗುರು ಅಂತೀರಿ! ಆತ ಕೆಮ್ಮಿದರೆ ಆಚೆ ದಂಡೆಯಲ್ಲಿ ಮಲಗಿದ ಎಮ್ಮೆಗಳು ಎದ್ದು ನಿಲ್ಲುತ್ತಿದ್ದವು.

ಶಿಷ್ಯ ಗೂಳಪ್ಪನಿಗೆ ಒಂದೇ ಆಸೆ, ಕಾವಿ ಉಡಬೇಕು.

"ಮಠದ ಸತ್ತ ಟ್ರ್ಯಾಕ್ಟರ್ ಎಬ್ಬಿಸು. ಆಮ್ಯಾಲೆ ಕಾವಿ," ಅಂದಿದ್ದ ಅಜ್ಜ.

ಅದರ ಸೈಲೆನ್ಸರಿನಲ್ಲಿ ಹಾವು ಸಂಸಾರ ಹೂಡಿತ್ತು. ಸೀಟಿನಲ್ಲಿ ಅತ್ತಿ ಗಿಡ ಹುಟ್ಟಿ ಹಣ್ಣೂ ಬಿಟ್ಟಿತ್ತು. ಗೂಳಪ್ಪ ಬಿಡಲಿಲ್ಲ. ಎಂಜಿನ್ ಬಿಚ್ಚಿದ, ಕೂಡಿಸಿದ, ಕೆಂಪು ಬಣ್ಣ ಹೊಡೆದ. ಚಾಲೂ ಆದಾಗ ಎದ್ದ ಹೊಗೆಗೆ ಸುತ್ತೂರಿನ ಕಾಗೆಗಳೆಲ್ಲ ಕತ್ತಲಾಯಿತೆಂದು ಗೂಡು ಸೇರಿದವು.

ಉಳಿದದ್ದು ಎಂಜಿನ್ನಿನ ಶಕ್ತಿ ಹೇಳುವ ಅಂಕಿಯ ಸ್ಟಿಕರ್. ಬಾನೆಟ್ಟಿಗೆ ಸೋಪಿನ ನೀರು ಹಚ್ಚಿದ, ಸ್ಟಿಕರ್ ಇಟ್ಟು ಜಾರಿಸಿ ನೇರ ಮಾಡಿದ, ಹಳೇ ಚಪ್ಪಲಿ ತುಂಡಿನಿಂದ ಒತ್ತಿ ಒತ್ತಿ ಗಾಳಿ ಹೊರಹಾಕಿದ. ಒಂದು ಗುಳ್ಳೆಯೂ ಉಳಿಯಲಿಲ್ಲ.

ಎಂಜಿನ್ನು ಮೂವತ್ತೈದು ಎಚ್‌ಪಿ. ಅಂಟಿಸಿದ್ದು ಮಾತ್ರ ಐವತ್ತು. ನೋಡಿದ ಭಕ್ತರು ಬೆರಗಾಗಲಿ ಅಂತ.

ಅಜ್ಜ ಬಂದು ಅಂಕಿಯ ಮೇಲೆ ಬೆರಳಾಡಿಸಿದ.

"ಐವತ್ತೇನೋ?"

"ಹೌದ್ರೀ ಅಜ್ಜಾರ."

"ನಾ ಮೂವತ್ತೈದು ಅಂತ ತಿಳಕೊಂಡಿದ್ದೆ."

"ನಿಮಗ ವಯಸ್ಸಾತ್ರಿ. ಮರತೀರಿ."

"ಇರಬೇಕು."

ಅಜ್ಜ ಟ್ರ್ಯಾಕ್ಟರನ್ನು ದಂಡೆಗೆ ತರಿಸಿ, ಸರಪಳಿ ಹಿಡಿದು ಹೊಳೆಗಿಳಿದ. ಅಲ್ಲಿ ಮರಳಲ್ಲಿ ಹೂತ ಆಲದ ದಿಮ್ಮಿಯೊಂದಿತ್ತು. ಆನೆಗಳೇ ಎಳೆದು ಸೋತು ಕೈಮುಗಿದು ಹೋಗಿದ್ದ ದಿಮ್ಮಿ. ಅದಕ್ಕೊಂದು ತುದಿ, ಟ್ರ್ಯಾಕ್ಟರಿನ ಬೆನ್ನಿಗೊಂದು ತುದಿ ಕಟ್ಟಿ, ತಾನೇ ಹತ್ತಿ ಕೂತ.

"ಅಜ್ಜಾರ, ಅದು ಬ್ಯಾಡ್ರೀ!"

"ಯಾಕ? ಐವತ್ತೈತಲ್ಲ?"

ಟ್ರ್ಯಾಕ್ಟರ್ ಗುಡುಗಿತು. ಸರಪಳಿ ಬಿಗಿಯಿತು. ದಿಮ್ಮಿ ಅಲುಗಲಿಲ್ಲ. ಮುಂದಿನ ಗಾಲಿಗಳೇ ನೆಲ ಬಿಟ್ಟವು. ಮೊಣಕಾಲೆತ್ತರ. ಎದೆಯೆತ್ತರ. ಹಿಂಗಾಲ ಮೇಲೆ ನಿಂತ ಕುದುರೆಯಂತೆ ಗಾಡಿ ಮುಗಿಲು ನೋಡಿತು. ಅಜ್ಜನ ಬೆನ್ನು ಹೊಳೆಯತ್ತ ವಾಲಿತು.

ಗೂಳಪ್ಪ ಗಾಡಿಯತ್ತ ಓಡಿದ. ಇನ್ನೊಂದು ಗೇಣು ಎದ್ದರೆ ಗಾಡಿ ಮೇಲೆ, ಗುರು ಕೆಳಗೆ.

"ಮೂವತ್ತೈದು!" ಅಂತ ಚೀರಿದ. "ಮೂವತ್ತೈದ್ರೀ ಅಜ್ಜಾರ! ಸುಳ್ಳು ಅಂಟಿಸೀನ್ರೀ!"

ಅಜ್ಜ ಕ್ಲಚ್ ತುಳಿದ. ಗಾಲಿಗಳು ದೊಪ್ಪನೆ ನೆಲಕ್ಕೆ ಬಿದ್ದವು.

ಗೂಳಪ್ಪ ಮರಳಲ್ಲಿ ಕುಸಿದ.

"ಗೊತ್ತಿದ್ದೂ ಹತ್ತಿದ್ರ್ಯಾ? ಸತ್ತಿದ್ದರ?"

"ನಾ ಗೊತ್ತಿದ್ದು ಹತ್ತಿದೆ. ನಾಳೆ ಹತ್ತಾಂವ ನಿನ್ನ ಸ್ಟಿಕರ್ ಓದಿ ಹತ್ತತಾನ."

ಗೂಳಪ್ಪ ಎದ್ದು ಸ್ಟಿಕರ್ ಕೆರೆಯತೊಡಗಿದ. ಜೊತೆಗೆ ತಾನೇ ಹೊಡೆದ ಬಣ್ಣವೂ ಕಿತ್ತು ಬಂತು. ನಿಲ್ಲಿಸಲಿಲ್ಲ. ಉಗುರೆಲ್ಲ ಕೆಂಪಾದ ಮೇಲೆ, ತಲೆ ಎತ್ತದೆ ಕೇಳಿದ:

"ಕಾವಿ... ಇನ್ನ ಇಲ್ಲೇನ್ರೀ?"

ಅಜ್ಜ ಜೋಳಿಗೆಯಿಂದ ಮಡಿಚಿದ ಕಾವಿ ತೆಗೆದು ಮುಂದೆ ಹಿಡಿದ. ಗೂಳಪ್ಪನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಕೈ ಚಾಚಿದ.

ಅಜ್ಜ ಸರಪಳಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಅಂದ:

"ಉಡು ತಮ್ಮಾ. ಇದೂ ಒಂದು ಸ್ಟಿಕರ್ ಐತಿ. ಸರಪಳಿ ಕಟ್ಟೋ ಕೆಲಸ ನಂದು."