ಎಲೆ ಮೇಲಿನ ಹೊಳೆ

ಊರು ಕಟ್ಟಿದ ನಾಯಕನ ವೇಷ ಹಾಕಿ, ಮೀಸೆ ಅಂಟಿಸಿಕೊಂಡು ಪುಟ್ಟಮಾದಯ್ಯ ಕ್ಲಬ್ಬಿನ ಊಟದ ಸಭೆಗೆ ಬಂದ. ಹೊಟ್ಟೆ ಬೆಳಗಿನಿಂದ ಖಾಲಿ.

"ನಾವು ಊಟ ಮಾಡ್ತಿರ್ತೀವಿ. ನೀನು ನಾಯಕ ಹೊಳೆ ದಾಟಿದ ಕಥೆ ಹೇಳು. ಮುಗಿಯೋವರೆಗೂ ನಿನಗೆ ಊಟ ಇಲ್ಲ," ಎಂದರು ಅಧ್ಯಕ್ಷರು.

"ಆಗಲಿ ಬುದ್ಧಿ. ಹೊಳೆ ತೋರ್ಸೋಕೆ ನಂಗೂ ಒಂದೆಲೆ ಹಾಕ್ಸಿ."

ಎಲೆಯ ಮೇಲೆ ಅನ್ನದ ಎರಡು ದಡ ಎದ್ದವು. ನಡುವೆ ಸಾರು ಹರಿಯಿತು. ಹಬೆಯೇ ಮಂಜಾಯಿತು. ಅವನು ಮೆಲ್ಲಗೆ ಹೇಳುತ್ತಾ ಹೋದಂತೆ ಎಲ್ಲರ ಕಿವಿಯಲ್ಲೂ ನೀರಿನ ಸದ್ದು. ಎತ್ತಿದ ತುತ್ತುಗಳು ಅಲ್ಲೇ ನಿಂತವು. ಮೀನು ಹಾರಿದ್ದನ್ನು ಕಂಡವರೂ ಇದ್ದಾರೆ.

"ದೋಣಿಯಿಲ್ಲದೆ ಹೇಗಯ್ಯಾ ದಾಟಿದ?" ಅಧ್ಯಕ್ಷರ ದನಿ ಕನಸಿನೊಳಗಿಂದ ಬಂತು.

"ಹೊಳೇನೇ ಕುಡಿದುಬಿಟ್ಟ!" ಪುಟ್ಟಮಾದಯ್ಯ ಸಾರನ್ನು ಸೊರ್ರನೆ ಎಳೆದ. ಈಚೆ ದಡವೂ ಅದರ ಹಿಂದೆಯೇ ಹೋಯಿತು.

"ಆಮೇಲೆ?"

"ಆಚೆ ದಡದಲ್ಲಿ ಊರು ಕಟ್ಟಬೇಕಲ್ಲ ಬುದ್ಧಿ. ಇಟ್ಟಿಗೆಗೆ ನಾಲ್ಕು ಮೈಸೂರು ಪಾಕು ಹಾಕ್ಸಿ."