ರಾಗಿಕಾಳು ನಿಲ್ಲದ ಗೋಪುರ

ಸಂಕಣ ಬಲು ಅನುಮಾನದ ಪ್ರಾಣಿ. ಮಜ್ಜಿಗೆ ತೆಳ್ಳಗಿದ್ದರೆ, ಗುರುಪತ್ನಿ ಹೊನ್ನವ್ವನಿಗೆ ತನ್ನನ್ನು ಕಂಡರಾಗದು ಅನ್ನುತ್ತಿದ್ದ. ಗಟ್ಟಿಯಾಗಿದ್ದರೆ, ಇವತ್ತು ಏನೋ ಭಾರೀ ಕೆಲಸ ಹೇಳುತ್ತಾಳೆ, ಅದಕ್ಕೇ ಈ ಉಪಚಾರ ಅನ್ನುತ್ತಿದ್ದ. ಇಂಥವನ ಜೊತೆ ಏಗುವುದು ಯಾರಿಗೆ ಬೇಕು ಹೇಳಿ.

ಆದರೆ ಅವನ ಕೈಯಲ್ಲಿ ವಿದ್ಯೆ ಇತ್ತು. ಹೊಳೆಯ ದಡದಲ್ಲಿ ಹುಲ್ಲಿನ ಮಾಡು ಹಾಕಿಕೊಂಡು ಕಟ್ಟೋಣದ ವಿದ್ಯೆ ಕಲಿಸುತ್ತಿದ್ದ ಸ್ಥಪತಿ ಮಾಚೋಜರ ಶಿಷ್ಯರಲ್ಲಿ ಅವನಷ್ಟು ಚೆಂದವಾಗಿ ಗೆರೆ ಎಳೆಯುವವರು ಇನ್ನೊಬ್ಬರಿರಲಿಲ್ಲ.

ಆ ವರ್ಷ ಪ್ರಭುಗಳಿಂದ ಹೇಳಿಕೆ ಬಂತು. ಹೊಳೆಯ ತಿರುವಿನಲ್ಲಿ ಕತ್ತಲಾದ ಮೇಲೆ ದೋಣಿಗಳು ಬಂಡೆಗೆ ಬಡಿದು ಒಡೆಯುತ್ತಿವೆ, ಅಲ್ಲೊಂದು ಎತ್ತರದ ದೀಪದ ಗೋಪುರ ಏಳಬೇಕು ಅಂತ.

ಮಾಚೋಜರು ಆ ಕೆಲಸವನ್ನು ಸಂಕಣನಿಗೆ ವಹಿಸಿದರು.

"ಮೊದಲು ಮಣ್ಣಿನಲ್ಲಿ ಮಾದರಿ ಮಾಡು. ನನಗೆ ಒಪ್ಪಿಗೆಯಾದ್ರೆ ಮುದ್ರೆ ಒತ್ತುತ್ತೀನಿ. ಮುದ್ರೆ ಬಿದ್ದ ದಿನದಿಂದ ನೀನೂ ಸ್ಥಪತಿ," ಅಂದರು.

ಮುದ್ರೆ ಬೀಳದಿದ್ದರೆ? ಆಗ ಸಂಕಣ ಇನ್ನೊಬ್ಬರ ನಕ್ಷೆಗೆ ಗೆರೆ ಎಳೆಯುತ್ತಾ ಇಲ್ಲೇ ಮುದುಕನಾಗಬೇಕು.

ಹಗಲೂ ಇರುಳೂ ಕೂತು ಮಾದರಿ ಮಾಡಿದ. ಎದೆಯೆತ್ತರದ ಗೋಪುರ. ಬುಡದಿಂದ ತುದಿಯವರೆಗೆ ಒಂದು ಗಂಟಿಲ್ಲ, ಒಂದು ಅಂಚಿಲ್ಲ, ಮೊಟ್ಟೆಯಂತೆ ನುಣುಪು. ತುದಿಯಲ್ಲಿ ಹೊಳೆಯ ಕಡೆಗೆ ಚಾಚಿಕೊಂಡ ದೀಪದ ಬಟ್ಟಲು, ತಾವರೆಯ ಎಸಳಿನ ಹಾಗೆ. ನೋಡಿದವರು ಬಾಯಿ ಮುಚ್ಚುವುದನ್ನೇ ಮರೆತರು.

ಮಾಚೋಜರೂ ನೋಡಿದರು. ಸುತ್ತು ಹಾಕಿ ಬಹಳ ಹೊತ್ತು ನೋಡಿದರು.

"ಚೆಂದ ಇದೆ ಕಣಯ್ಯ. ಕಟ್ಟೋರು ಎಲ್ಲಿ?"

"ಕಟ್ಟೋರಾ? ಕೆಲಸ ಶುರುವಾದಾಗ ಊರಿನಿಂದ ಬರ್ತಾರೆ, ಗುರುಗಳೇ."

"ಹೌದಾ," ಅಂದರು ಗುರುಗಳು, ಮುದ್ರೆ ಒತ್ತದೆ ಹೊರಟು ಹೋದರು.

ಅವತ್ತಿನಿಂದ ಸಂಕಣನ ತಲೆಯೊಳಗೆ ಹುಳ ಹೊಕ್ಕಿತು. ಚೆಂದ ಇದೆ ಅಂದವರು ಮುದ್ರೆ ಯಾಕೆ ಒತ್ತಲಿಲ್ಲ? ಇದರೊಳಗೆ ಏನೋ ಮಸಲತ್ತಿದೆ. ಈ ಕೆಲಸವನ್ನು ಆ ಕೇತಯ್ಯನಿಗೆ ಕೊಡುವ ಯೋಚನೆಯೇ ಇರಬೇಕು. ಕೇತಯ್ಯ ಅವನ ಓರಗೆಯ ಶಿಷ್ಯ. ನೆಟ್ಟಗೆ ಒಂದು ಕಮಾನು ಎಳೆಯಲು ಬಾರದಿದ್ದರೂ ನಗುನಗುತ್ತಾ ಇರುತ್ತಿದ್ದ. ಸುಮ್ಮಸುಮ್ಮನೆ ನಗುವವರನ್ನು ಸಂಕಣ ನಂಬುತ್ತಿರಲಿಲ್ಲ.

ಮಾದರಿಯನ್ನು ತನ್ನ ಗುಡಿಸಲಿಗೆ ಸಾಗಿಸಿ, ಮೇಲೆ ಬಟ್ಟೆ ಮುಚ್ಚಿ ಇಟ್ಟ.

ಮಾರನೆಯ ದಿನ ಬೆಳಿಗ್ಗೆ ಹೊಳೆಯಲ್ಲಿ ಮಿಂದು ಬಂದು ನೋಡುತ್ತಾನೆ, ಗೋಪುರದ ಬುಡದಲ್ಲಿ ಒಂದಷ್ಟು ರಾಗಿಕಾಳು ಚೆಲ್ಲಿವೆ.

ಇಲಿ ಇರಬೇಕು ಅಂದುಕೊಂಡು ಗುಡಿಸಿದ. ಅದರ ಮಾರನೆಯ ದಿನವೂ ಕಾಳು. ಬಟ್ಟೆ ಒಂಚೂರು ಓರೆಯಾಗಿತ್ತು. ಇಲಿ ಬಟ್ಟೆ ಎತ್ತಿ, ಕಾಳು ಚೆಲ್ಲಿ, ಮತ್ತೆ ಬಟ್ಟೆ ಮುಚ್ಚಿ ಹೋಗುತ್ತದೆಯೇ?

ಮಾಟ! ಯಾರೋ ಮಾಟ ಮಾಡಿಸಿದ್ದಾರೆ!

ನೇರ ಹೋಗಿ ಕೇತಯ್ಯನ ಹೆಗಲ ಮೇಲಿನ ವಸ್ತ್ರ ಹಿಡಿದ. "ಏನೋ, ನನ್ನ ಗೋಪುರಕ್ಕೆ ಕಾಳು ಮಂತ್ರಿಸಿ ಹಾಕ್ತೀಯಾ?"

ಕೇತಯ್ಯ ಕಣ್ಣುಕಣ್ಣು ಬಿಟ್ಟ. "ಮಂತ್ರ ಬರೋ ಹಾಗಿದ್ರೆ ಮೊದಲು ನನ್ನ ಕಮಾನು ನೆಟ್ಟಗೆ ಮಾಡ್ಕೊತಿದ್ದೆ ಮಾರಾಯ," ಅಂದು ಬಿದ್ದು ಬಿದ್ದು ನಕ್ಕ.

ನಗಲಿ, ಕಳ್ಳನನ್ನು ಹಿಡಿದೇ ತೀರುತ್ತೇನೆ ಅಂದುಕೊಂಡ ಸಂಕಣ. ಮಾರನೆಯ ದಿನ ಹೊಳೆಗೆ ಹೋಗುವ ಮುಂಚೆ ಒಲೆಯ ಬೂದಿ ತಂದು ಗುಡಿಸಲ ನೆಲಕ್ಕೆಲ್ಲ ತೆಳ್ಳಗೆ ಹರಡಿದ. ಮಿಂದ ಶಾಸ್ತ್ರ ಮಾಡಿ ಓಡೋಡಿ ಬಂದ.

ಬೂದಿಯ ಮೇಲೆ ಹೆಜ್ಜೆ ಮೂಡಿತ್ತು. ಎಡಗಾಲಿನ ಹೆಜ್ಜೆಯಲ್ಲಿ ಹೆಬ್ಬೆರಳು ಇರಲಿಲ್ಲ.

ಆ ದಡದಲ್ಲಿ ಎಡಗಾಲಿನ ಹೆಬ್ಬೆರಳಿಲ್ಲದವರು ಒಬ್ಬರೇ. ಯಾವ ಕಾಲದಲ್ಲೋ ಕಲ್ಲು ಬಿದ್ದು ಬೆರಳು ಕಳೆದುಕೊಂಡ ಮಾಚೋಜರು.

ಸಂಕಣನಿಗೆ ಸಿಟ್ಟೂ ಬಂತು, ಅಳುವೂ ಬಂತು. ಗುರುಗಳು ಹೊಳೆಯ ಸೋಪಾನದಲ್ಲಿ ಕೂತು ಬೂದಿಗಾಲು ತೊಳೆಯುತ್ತಿದ್ದರು. ಅಲ್ಲಿಗೇ ಹೋಗಿ ನಿಂತ.

"ಗುರುಗಳೇ, ನನ್ನ ಗುಡಿಸಲಿಗೆ ಹೋಗಿದ್ರಾ?"

"ದಿನಾ ಹೋಗ್ತೀನಿ."

"ಕದ್ದು?"

"ನೀನು ಇದ್ದಾಗ ಬಂದ್ರೆ ಬಾಗಿಲಿಗೆ ಅಡ್ಡ ನಿಲ್ತೀಯಲ್ಲ."

ಸಂಕಣನಿಗೆ ತಡೆಯಲಾಗಲಿಲ್ಲ. ಮನಸ್ಸಿನಲ್ಲಿದ್ದದ್ದನ್ನು ಕಕ್ಕಿಯೇಬಿಟ್ಟ. "ನನ್ನ ಏಳಿಗೆ ನೋಡಿ ನಿಮಗೆ ಹೊಟ್ಟೆಕಿಚ್ಚು!"

"ಇದೆ, ಸ್ವಲ್ಪ. ನನ್ನ ಕೈಗೆ ಇಂಥ ಗೆರೆ ಯಾವತ್ತೂ ಬರಲಿಲ್ಲ," ಅಂದರು ಗುರುಗಳು. ಇನ್ನೊಂದು ಕಾಲನ್ನೂ ತೊಳೆದುಕೊಂಡು ಎದ್ದರು. "ಬಾ, ಕದ್ದು ಏನು ಮಾಡ್ತಿದ್ದೆ ಅಂತ ತೋರಿಸ್ತೀನಿ."

ಗುಡಿಸಲಿಗೆ ಬಂದು ಬಟ್ಟೆ ತೆಗೆದರು. ಸೊಂಟದ ಗಂಟು ಬಿಚ್ಚಿ ಒಂದು ಹಿಡಿ ರಾಗಿ ತೆಗೆದರು. ಒಂದೊಂದೇ ಕಾಳನ್ನು ಗೋಪುರದ ಮೈಮೇಲೆ ಇಟ್ಟರು. ಇಟ್ಟ ಕಾಳು ಇಟ್ಟ ಹಾಗೇ ಜಾರಿ ಕೆಳಗೆ ಬಿತ್ತು.

"ಇವನು ಗಾರೆಯವನು. ಇವಳು ಇಟ್ಟಿಗೆ ಹೊರೋಳು. ಇವನು ಕಲ್ಲುಕುಟಿಗ. ದಿನಾ ಬೆಳಿಗ್ಗೆ ಹತ್ತಿಸ್ತೀನಿ ಸಂಕಣ. ಒಬ್ಬರೂ ಸಂಜೆವರೆಗೆ ಉಳಿಯಲ್ಲ."

ಸಂಕಣನಿಗೆ ಮತ್ತೆ ಅನುಮಾನ. ಗುರುಗಳು ಬೇಕೆಂದೇ ಓರೆಯಾಗಿ ಇಡುತ್ತಿದ್ದಾರೆಯೇ? ತಾನೇ ಕಾಳು ತೆಗೆದುಕೊಂಡು ಮೆತ್ತಗೆ ಇಟ್ಟು ನೋಡಿದ. ಅದೂ ಜಾರಿತು.

"ಅದನ್ನೆಲ್ಲ ಸಾರುವೆ ಕಟ್ಟೋರು ನೋಡ್ಕೊತಾರೆ. ಗಳ ನಿಲ್ಲಿಸಿ, ಹಗ್ಗ ಬಿಗಿದು, ಮೇಲೆ ಅಟ್ಟ ಹಾಕೋದು ಅವರ ಕೆಲಸ. ನಾನು ಗೋಪುರ ಮಾಡೋನು."

"ಗಳ ಆನಿಸೋಕೆ ನಿನ್ನ ಗೋಡೆಯಲ್ಲಿ ಜಾಗ ಎಲ್ಲಿದೆ?"

ಸಂಕಣ ಗೋಡೆಯ ಮೇಲೆ ಬೆರಳಾಡಿಸಿ ನೋಡಿದ. ಆಮೇಲೆ, "ಇಷ್ಟು ದೊಡ್ಡ ಕೆಲಸದಲ್ಲಿ ಒಬ್ಬಿಬ್ಬರು ಬೀಳೋದು ಇದ್ದದ್ದೇ. ಅದು ಅವರವರ ಹಣೆಬರಹ, ಗುರುಗಳೇ," ಅಂದ.

"ಹಣೆಬರಹ ಬರೆಯೋನು ಬ್ರಹ್ಮ ಅಂತ ಕೇಳಿದ್ದೆ. ಈ ಗೋಪುರ ಬರೆದೋನು ನೀನಲ್ವಾ?"

ಸಂಕಣ ನೆಲದ ಮೇಲೆ ಬಿದ್ದ ಕಾಳುಗಳನ್ನು ಗುಡಿಸಲು ಪೊರಕೆ ತೆಗೆದುಕೊಂಡ.

"ರಾಗಿ ಆದ್ರೆ ಗುಡಿಸಬಹುದು," ಅಂದು ಗುರುಗಳು ಹೊರಗೆ ಹೋದರು.

ಮಾರನೆಯ ದಿನ ಸಂಕಣನೇ ಗುರುಗಳನ್ನು ಕರೆತಂದ. ಈಗ ಗೋಪುರದ ತುಂಬ ರಾಗಿಕಾಳು ನಿಂತಿದ್ದವು. ಬುಡ ಹಿಡಿದು ಅಲ್ಲಾಡಿಸಿ ತೋರಿಸಿದ. ಒಂದು ಕಾಳೂ ಬೀಳಲಿಲ್ಲ. ಜಾಲಿಯ ಅಂಟು ಹಚ್ಚಿದ್ದ, ಮಹಾನುಭಾವ.

"ಹಗ್ಗ, ಗುರುಗಳೇ. ಪ್ರತಿಯೊಬ್ಬರ ಸೊಂಟಕ್ಕೂ ಗಟ್ಟಿ ಹಗ್ಗ. ಈಗ ಬೀಳಲಿ ನೋಡೋಣ."

ಗುರುಗಳು ಒಂದು ಕಾಳು ತೋರಿಸಿದರು. "ಈಕೆ ಇಟ್ಟಿಗೆ ಹೊತ್ತಿದ್ದಾಳೆ. ಮೇಲಕ್ಕೆ ಕಳಿಸು."

ಸಂಕಣ ಬೆರಳಿನಿಂದ ತಳ್ಳಿದ. ಅಲುಗಲಿಲ್ಲ. ಉಗುರು ಹಾಕಿ ಕಿತ್ತ. ಕಿತ್ತ ಕೂಡಲೇ ಕಾಳು ಜಾರಿ ನೆಲ ಸೇರಿತು.

"ಹಾಗಾದ್ರೆ ಹಗ್ಗ ಬೇಡವಾ?"

"ಯಾರಪ್ಪ ಬೇಡ ಅಂದೋರು? ಇರಲಿ. ಆದ್ರೆ ಗೋಪುರ ಮಾಡಿದ ತಪ್ಪಿಗೆ ಪಾಪ ಹಗ್ಗ ಎಷ್ಟು ದಿನ ಜವಾಬು ಕೊಡುತ್ತೆ?"

ಸಂಕಣ ರೇಗಿದ. "ನಿಮಗೆ ಮುದ್ರೆ ಒತ್ತೋಕೆ ಮನಸ್ಸಿಲ್ಲ. ಅದಕ್ಕೇ ದಿನಕ್ಕೊಂದು ನೆಪ. ನನಗೆ ಗೊತ್ತಿಲ್ವಾ?"

ಮಾಚೋಜರು ಅವನನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ನನ್ನ ಮೇಲೆ ಅನುಮಾನ ಪಡ್ತೀಯ. ಕೇತಯ್ಯನ ಮೇಲೆ ಪಡ್ತೀಯ. ಹೊನ್ನವ್ವನ ಮಜ್ಜಿಗೆ ಮೇಲೂ ಪಡ್ತೀಯ. ಈ ಗೋಪುರದ ಮೇಲೆ ಮಾತ್ರ ಒಂದು ದಿನಾನೂ ಯಾಕೋ ಪಡಲಿಲ್ಲ?"

ಆ ರಾತ್ರಿ ಸಂಕಣ ಊಟಕ್ಕೆ ಹೋಗಲಿಲ್ಲ. ಬೆಳಗಾದ ಮೇಲೆ ಮಾದರಿಯ ಮುಂದೆ ಕೂತ. ತನ್ನ ಕೈಯಾರೆ ಮಾಡಿದ ಆ ನುಣುಪನ್ನು ಮೊದಲ ಸಲ ಕಳ್ಳನನ್ನು ನೋಡುವ ಹಾಗೆ ನೋಡಿದ. ಇಲ್ಲಿ ನಿಂತವಳ ಕಾಲು ಎಲ್ಲಿ ಊರುತ್ತದೆ? ಹೊರೆ ಹೊತ್ತವಳು ಎದುರಿಗೆ ಬಂದವನಿಗೆ ದಾರಿ ಹೇಗೆ ಬಿಡುತ್ತಾಳೆ? ಮಳೆ ಬಂದು ಗಾರೆ ಜಾರಿದರೆ? ಒಂದಕ್ಕೂ ಗೋಪುರದ ಹತ್ತಿರ ಉತ್ತರವಿರಲಿಲ್ಲ.

ಕಣ್ಣಲ್ಲಿ ನೀರು ತುಂಬಿಕೊಂಡು ಅದನ್ನು ಒಡೆದು ಹಾಕಿದ. ಮಣ್ಣು ಕಲಸಿ ಮತ್ತೆ ಶುರು ಮಾಡಿದ.

ಈ ಸಲ ಗೋಪುರದ ಮೈಸುತ್ತ ಅಗಲವಾದ ಮೆಟ್ಟಿಲು ಬಂತು. ಗೋಡೆ ಎಷ್ಟು ಏಳುತ್ತದೋ ಮೆಟ್ಟಿಲೂ ಅಷ್ಟೇ ಏಳಬೇಕು, ಕೊನೆಗೆ ಕಟ್ಟಿದರಾಯಿತು ಅನ್ನುವಂತಿಲ್ಲ. ಮೆಟ್ಟಿಲ ಹೊರಗಡೆಗೆ ಸೊಂಟದೆತ್ತರದ ಕಟ್ಟೆ. ಸಾರುವೆಯ ಗಳ ತೂರಿಸಲು ಗೋಡೆಯಲ್ಲೇ ಸಾಲು ಸಾಲು ಗೂಡು. ಹೊರೆ ಇಳಿಸಿ ಉಸಿರು ಬಿಡಲು ಅಲ್ಲಲ್ಲಿ ಜಗಲಿ. ಮೊಟ್ಟೆಯ ನುಣುಪು ಹೋಗಿತ್ತು. ಇನ್ನೊಂದು ಥರದ ಚೆಂದ ಬಂದಿತ್ತು, ಅದನ್ನು ಸಂಕಣ ಇನ್ನೂ ಗುರುತಿಸಿರಲಿಲ್ಲ.

ತಾವರೆಯ ಬಟ್ಟಲನ್ನು ಮಾತ್ರ ಅವನು ಮುಟ್ಟಲಿಲ್ಲ. ಅದರ ಮೇಲೆ ಅಷ್ಟು ಮೋಹ. ಹಳೆಯ ಮಾದರಿಯನ್ನು ಒಡೆಯುವ ಮುಂಚೆಯೇ ಜೋಪಾನವಾಗಿ ಬಿಡಿಸಿಟ್ಟಿದ್ದ ಅದನ್ನು ತಂದು ಹೊಸದರ ತುದಿಗೆ ಕೂರಿಸಿದ.

ಅಷ್ಟು ಹೊತ್ತಿಗೆ ಪ್ರಭುಗಳ ಪಾರುಪತ್ತೇಗಾರ ದೋಣಿಯಲ್ಲಿ ಬಂದಿಳಿದ. ಬಂದವನು ಕೂರಲೂ ಇಲ್ಲ.

"ಎಲ್ಲಿ ಸ್ವಾಮಿ ಮಾದರಿ? ಮುದ್ರೆ ಬಿದ್ದಿದ್ರೆ ಈಗಲೇ ಒಯ್ತೀನಿ. ನಾಳೆಯಿಂದಲೇ ಇಟ್ಟಿಗೆ ಸುಡಿಸೋಕೆ ಅಪ್ಪಣೆಯಾಗಿದೆ."

ಮಾಚೋಜರು ಹೊಸ ಮಾದರಿಯ ಮೆಟ್ಟಿಲ ಮೇಲೆ ರಾಗಿ ಇಟ್ಟರು. ನಿಂತವು. ಬೆರಳಿನಿಂದ ತಳ್ಳುತ್ತಾ ಮೇಲಕ್ಕೆ ಒಯ್ದರು, ಕೆಳಕ್ಕೆ ತಂದರು. ಒಂದೂ ಬೀಳಲಿಲ್ಲ. ಅವರ ಮುಖ ಅರಳಿತು. ತಾಮ್ರದ ಮುದ್ರೆ ತೆಗೆದು ಸಂಕಣನ ಅಂಗೈಗೆ ಹಾಕಿದರು.

"ನೀನೇ ಒತ್ತಪ್ಪ."

ಸಂಕಣ ಮುದ್ರೆಯನ್ನು ಅಂಗೈಯಲ್ಲಿ ಹೊರಳಿಸಿದ. ನಾನೇ ಒತ್ತಬೇಕೇ? ಇಷ್ಟು ದಿನ ಸತಾಯಿಸಿದವರು ಇವತ್ತು ಇಷ್ಟು ಸುಲಭವಾಗಿ ಯಾಕೆ ಕೊಟ್ಟರು? ಗುರುಗಳ ಮುಖ ನೋಡಿದ. ಅಲ್ಲಿ ಏನೂ ಸಿಗಲಿಲ್ಲ.

ಮುಖ ಬಿಟ್ಟು ಗೋಪುರ ನೋಡಿದ. ಬುಡದಿಂದ ನೋಡುತ್ತಾ ಹೋದ. ತುದಿಗೆ ಬಂದಾಗ ಕಣ್ಣು ನಿಂತಿತು.

"ಬೇಗ ಆಗಲಿ," ಅಂದ ಪಾರುಪತ್ತೇಗಾರ.

ಸಂಕಣ ಒಂದು ಕಾಳು ತೆಗೆದುಕೊಂಡ. ಹೊಳೆಯ ಕಡೆಗೆ ಚಾಚಿದ್ದ ಆ ತಾವರೆಯ ಅಂಚಿನಲ್ಲಿ, ಬತ್ತಿ ಇರುವ ಕಡೆ ಇಟ್ಟ.

ಕಾಳು ಉರುಳಿ ಹೊರಗೆ ಬಿತ್ತು.

ಅವನು ಮುದ್ರೆಯನ್ನು ಗುರುಗಳ ಕಾಲ ಬಳಿ ಇಟ್ಟುಬಿಟ್ಟ. "ಇನ್ನೂ ಆಗಿಲ್ಲ, ಸ್ವಾಮಿ," ಅಂದ ಪಾರುಪತ್ತೇಗಾರನಿಗೆ. "ಬಟ್ಟಲನ್ನು ಒಳಕ್ಕೆ ತರಬೇಕು. ಸುತ್ತ ನಿಲ್ಲೋಕೆ ಜಾಗ ಬೇಕು. ಮೇಲುಗಡೆ ಎಲ್ಲ ಬದಲಾಗುತ್ತೆ."

"ತಮಾಷೆನಾ? ಕಟ್ಟೋರು ಯಾರೂ ಬೀಳಲಿಲ್ಲವಲ್ಲ, ನಾನೇ ಕಣ್ಣಾರೆ ನೋಡಿದೆ!"

"ಕಟ್ಟೋರು ಬೀಳಲ್ಲ. ಕಟ್ಟಿದ ಮೇಲೆ ದಿನಾ ಎಣ್ಣೆ ಹಾಕೋರು ಬೀಳ್ತಾರೆ."

"ಅದು ಯಾವ ಕಾಲದ ಮಾತಯ್ಯ!" ಪಾರುಪತ್ತೇಗಾರ ಕೆಂಡವಾದ. "ಹುಣ್ಣಿಮೆಗೆ ಬರ್ತೀನಿ. ಅಷ್ಟರಲ್ಲಿ ಬೇರೆ ಸ್ಥಪತಿ ಸಿಕ್ಕಿದ್ರೆ ಕೆಲಸ ಅವನದು. ಆಮೇಲೆ ನನ್ನನ್ನು ಬೈಬೇಡಿ."

ದೋಣಿ ಹೊರಟುಹೋಯಿತು. ಸಂಕಣ ದಡದಲ್ಲಿ ಕೂತ. ದೋಣಿ ಮರೆಯಾಗುವವರೆಗೂ ನೋಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ತನ್ನ ಮೇಲೇ ಸಿಟ್ಟು ಬಂತು.

ಮಾಚೋಜರು ಬಂದು ಪಕ್ಕದಲ್ಲಿ ಕೂತರು.

"ಗುರುಗಳೇ, ನಿಮಗೆ ಮೊದಲೇ ಗೊತ್ತಿತ್ತಾ? ಬಟ್ಟಲು ಹಾಗಿದೆ ಅಂತ?"

"ಇಲ್ಲ ಕಣಪ್ಪ. ನನ್ನ ಕಣ್ಣನ್ನೂ ತಪ್ಪಿಸಿಬಿಟ್ಟಿತ್ತು. ನೀನು ಒತ್ತಿದ್ರೆ ನಾನು ಸುಮ್ಮನೆ ನೋಡ್ತಾ ಇರ್ತಿದ್ದೆ."

ಸಂಕಣ ಅವರ ಮುಖವನ್ನು ದಿಟ್ಟಿಸಿದ. ಎಷ್ಟು ಹುಡುಕಿದರೂ ಅವರ ಮಾತನ್ನು ಅನುಮಾನಿಸಲು ಅವನಿಗೆ ಕಾರಣ ಸಿಗಲಿಲ್ಲ. ಗುರುವೂ ತಪ್ಪಬಹುದು ಅನ್ನುವುದು ಅವನಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

"ನನ್ನ ಬದುಕೇ ಆ ದೋಣಿಯಲ್ಲಿ ಹೋಯ್ತು," ಅಂದ. "ಯಾರಿಗೋಸ್ಕರ ಬಿಟ್ಟೆ ನಾನು? ಆ ಕೊನೇ ಕಾಳು ಯಾರು, ಗುರುಗಳೇ?"

ಮಾಚೋಜರು ಹೊಳೆಯ ತಿರುವಿನ ಕಡೆ ನೋಡಿದರು.

"ಅವಳು ಇನ್ನೂ ಹುಟ್ಟಿಲ್ಲ. ಹುಟ್ಟಿ, ದೊಡ್ಡವಳಾಗಿ, ದಿನಾ ಸಂಜೆ ಮೇಲೆ ಹತ್ತಿ ದೀಪ ಹಚ್ತಾಳೆ, ಇಳಿದು ಮನೆಗೆ ಹೋಗಿ ಉಂಡು ಮಲಗ್ತಾಳೆ. ನಿನ್ನ ಹೆಸರು ಅವಳಿಗೆ ಗೊತ್ತಿರಲ್ಲ."