ಐಸ್ ಮತ್ತು ಕ್ರೀಮ್ ನಡುವಿನ ಜಾಗ

ಒಂದು ಅಂಗಡಿಯ ಬೋರ್ಡಿಗೆ ದಪ್ಪ ತಗಡಿನ ಅಕ್ಷರಗಳನ್ನು ಹೊಡೆದಿದ್ದರು. ಮೇಲಿನ ಸಾಲಿನಲ್ಲಿ ಅಂಗಡಿಯ ಹೆಸರು, ಕನ್ನಡದ ‘ಹರ್ಷೋದಯ’. ಕೆಳಗಿನ ಸಾಲಿನಲ್ಲಿ ಇಂಗ್ಲಿಷಿನ ಐಸ್ ಮತ್ತು ಕ್ರೀಮ್, ನಡುವೆ ಒಂದು ಗೇಣು ಜಾಗ ಬಿಟ್ಟುಕೊಂಡು ನಿಂತಿದ್ದವು.

“ಏನ್ರಪ್ಪಾ, ಮಾತು ಬಿಟ್ಟಿದ್ದೀರಾ?” ಎಂದಿತು ಹರ್ಷೋದಯ. “ಒಂದೇ ಅಂಗಡಿಗೆ ದುಡಿಯುವವರು ಹೀಗೆ ದೂರ ದೂರ ನಿಂತರೆ ನೋಡಿದವರು ಏನಂದಾರು?”

“ಜಗಳವೇನಿಲ್ಲ ಸ್ವಾಮಿ,” ಎಂದಿತು ಐಸ್. “ನಮ್ಮ ಇಂಗ್ಲಿಷಿನಲ್ಲಿ ಬೆಡ್ಡು ರೂಮು ಅಂಟಿಕೊಂಡೇ ನಿಲ್ಲುತ್ತವೆ. ನಾವು ಜಾಗ ಬಿಟ್ಟು ನಿಲ್ಲುವವರು. ಆದರೂ ಜೋಡಿಯೇ.”

“ಅದೆಂಥ ಜೋಡಿ! ನಮ್ಮನ್ನು ನೋಡಿ ಕಲಿಯಿರಿ. ಹರ್ಷ ಎಲ್ಲಿ ಮುಗಿದ, ಉದಯ ಎಲ್ಲಿ ಶುರುವಾದ ಅಂತ ಗುರುತೇ ಸಿಗುವುದಿಲ್ಲ, ಹಾಗೆ ಬೆರೆತಿದ್ದೇವೆ. ಹತ್ತಿರ ಬನ್ನಿ!”

ದೊಡ್ಡವರ ಮಾತು ತೆಗೆದುಹಾಕಲಾಗದೆ ಕ್ರೀಮ್ ತನ್ನ ಮೊಳೆ ಸಡಿಲಿಸಿಕೊಂಡು ಜರುಗತೊಡಗಿತು. ಆ ಜಾಗದಲ್ಲಿ ಗೂಡು ಕಟ್ಟಿದ್ದ ಗುಬ್ಬಿ ಕಿರುಚಿತು: “ಅಯ್ಯೋ, ನನ್ನ ಮರಿಗಳು ಅಪ್ಪಚ್ಚಿಯಾಗುತ್ತವೆ!”

ಕ್ರೀಮ್ ಅಲ್ಲೇ ನಿಂತಿತು. ಐಸ್ ತಲೆಯೆತ್ತಿ ಹೇಳಿತು: “ನೀವು ಹೇಳಿದಂತೆಯೇ ಆಗಲಿ ಸ್ವಾಮಿ. ಮರಿಗಳು ಹಾರುವವರೆಗೆ ಈ ಗೂಡಿಗೆ ನಿಮ್ಮ ನಡುವೆ ಒಂಚೂರು ಜಾಗ ಕೊಡಿ.”

ಮೇಲಿನ ಸಾಲಿನ ತಗಡು ಕಿರುಗುಟ್ಟಿತು. ಆಮೇಲೆ, ಬೋರ್ಡು ಹಾಕಿದಂದಿನಿಂದ ಯಾರೂ ಕೇಳಿರದ ಎರಡು ದನಿಗಳು ಅಲ್ಲಿಂದ ಬಂದವು.

“ಉದಯ, ನೀನು ಜರುಗು.”

“ನಾನ್ಯಾಕೆ? ಇಷ್ಟು ವರ್ಷ ಉಸಿರು ಕಟ್ಟಿಸಿದವನು ನೀನು, ನೀನೇ ಜರುಗು!”